ಬಿಟ್ಟಿ ಬಂತೇನು?

ಯಾದಗಿರಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ದೊಡ್ಡ ಮನುಷ್ಯರೊಬ್ಬರು ನನ್ನ ಕೊರಳಿನ ಸಣ್ಣ ಶಿಲುಬೆಯನ್ನು ನೋಡಿ, ಹೋಳಿಗೆ ಮುರಿಯುತ್ತಾ ಕೇಳಿದರು: "ಟೀಚರ್, ನಿಮ್ಮ ಮಂದಿ ಪಾದ್ರಿಗಳ ಹಾಲಿನ ಪುಡಿ ನೋಡಿ ಆ ಕಡಿ ಹೋದವ್ರಲ್ರಿ? ಹೋಗ್ಲಿ ಬಿಡ್ರಿ, ಬಿಟ್ಟಿ ಸಿಕ್ರ ಯಾರ್ ಬಿಡ್ತಾರ." ತಮ್ಮ ಮಾತಿಗೆ ತಾವೇ ನಕ್ಕರು. ಪಂಕ್ತಿಯಲ್ಲಿ ಇನ್ನೂ ನಾಲ್ಕು ಜನ ನಕ್ಕರು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಅವ್ವ ಕೊಟ್ಟ ಆಸ್ತಿ. "ನಮ್ಮವ್ವ ಆ ಕಡಿ ಹೋದಾಗ ಆ ಪುಡಿ ಇನ್ನೂ ಈ ಕಡಿ ಬಂದೇ ಇರ್ಲಿಲ್ರಿ," ಎಂದೆ. "ಇನ್ನ ಬಿಟ್ಟಿ ಅಂದ್ರಲ್ಲ, ಆ ಮಾತು ನಮ್ಮ ಮನಿದು. ನೀವು ಬಾಯಾಗ ಹಾಕ್ಕೋಬ್ಯಾಡ್ರಿ, ಹಲ್ಲು ಮುರೀತಾವ." ಅವರು ಎಲೆಯ ಕಡೆ ಮುಖ ಮಾಡಿದರು. ನಾನು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡು, ಸಾವಕಾಶವಾಗಿ ಉಂಡು ಎದ್ದೆ.

ಈಗ ನಮ್ಮ ಕಡೆಯವರೂ ಪತ್ರಿಕೆ ಓದಿ ಓದಿ, ದುಡ್ಡಿಲ್ಲದೆ ಸಿಗುವುದಕ್ಕೆ ಬಿಟ್ಟಿ ಎನ್ನುವುದನ್ನು ಕಲಿತಿದ್ದಾರೆ. ನಾನು ಹುಡುಗಿಯಾಗಿದ್ದಾಗ ಅದಕ್ಕೆ ನಾವು ಪುಕ್ಕಟೆ ಎನ್ನುತ್ತಿದ್ದೆವು. ಬಿಟ್ಟಿ ಎಂದರೆ ಕೂಲಿಯಿಲ್ಲದ ಚಾಕರಿ, ಒಲ್ಲೆ ಎನ್ನಲಾಗದ ಚಾಕರಿ. ಗೌಡರ ಕೊಟ್ಟಿಗೆಯ ಸಗಣಿ ಬಾಚುವುದು, ಅಂಗಳ ಗುಡಿಸುವುದು, ಕಟ್ಟಿಗೆ ಒಡೆಯುವುದು. ತಹಸೀಲ್ದಾರ ಸಾಹೇಬರು ಊರೂರು ನೋಡಲು ಬಂದರೆ ಅವರ ಹಾಸಿಗೆ, ಪೆಟ್ಟಿಗೆ ತಲೆಯ ಮೇಲೆ ಹೊತ್ತು ಮುಂದಿನ ಊರಿಗೆ ಮುಟ್ಟಿಸುವುದು. ನಮ್ಮ ಊರು ಶಹಾಪುರದಿಂದ ಶಿರವಾಳದ ಕಡೆ ಹೋಗುವ ಹಾದಿಯಲ್ಲಿತ್ತು, ಊರ ಹೊರಗೆ ನಮ್ಮ ಕೇರಿ. ಹೊರಗಿನ ಬಿಟ್ಟಿ ಅಪ್ಪನದು, ಗೌಡರ ಮನೆಯ ಬಿಟ್ಟಿ ಅವ್ವನದು. ಮುತ್ತಾತನ ಕಾಲದಿಂದ ಅದು ನಮ್ಮ ಮನೆತನಕ್ಕೆ ಅಂಟಿಕೊಂಡು ಬಂದಿತ್ತು. ಹೊಲದ ನಡುವೆ ಹಳೆಯ ಕಲ್ಲುಗುಡಿಯೊಂದು ಪಾಳುಬಿದ್ದಿತ್ತು. ಮಳೆ ಬಂದರೆ ಕುರುಬರ ಕುರಿಗಳು ಅದರೊಳಗೆ ನಿಲ್ಲುತ್ತಿದ್ದವು, ನಾವು ಹೊರಗೆ ನೆನೆಯುತ್ತಿದ್ದೆವು.

ಮೈಮುರಿಯುವ ಕೆಲಸಕ್ಕಿಂತ ಅವರು ಕರೆಯುವ ರೀತಿ ನನ್ನನ್ನು ಸುಡುತ್ತಿತ್ತು. ಗೌಡರ ಮನೆಯಲ್ಲಿ ಬಿಟ್ಟಿ ಎನ್ನುವುದು ಕೆಲಸದ ಹೆಸರೂ ಹೌದು, ಮಾಡುವವಳ ಹೆಸರೂ ಹೌದು. ಬೆಳಿಗ್ಗೆ ಗೌಡರ ತಾಯಿ ಪಡಸಾಲೆಯಿಂದಲೇ ಕೂಗುತ್ತಿದ್ದಳು: "ಬಿಟ್ಟಿ ಬಂತೇನು?" ಅವ್ವ ಹಿತ್ತಲ ಬಾಗಿಲಿಂದ, "ಬಂತ್ರಿ ಅವ್ವಾರ," ಎನ್ನಬೇಕು. ಬಂದೆ ಎನ್ನುವಂತಿಲ್ಲ, ಬಂತು ಎನ್ನಬೇಕು. ನಮ್ಮ ಕಡೆ ಮುದ್ದಿಗೆ ಹೆಣ್ಣುಮಕ್ಕಳನ್ನು ಬಂತು, ಹೋತು ಎನ್ನುವುದುಂಟು, ಅವ್ವನೂ ನನ್ನನ್ನು ಹಾಗೇ ಅನ್ನುತ್ತಿದ್ದಳು. ಆ ಬಂತು ಬೇರೆ, ಈ ಬಂತು ಬೇರೆ. ಕಿವಿಯಿದ್ದವರಿಗೆ ತಿಳಿಯುತ್ತದೆ. ಇತ್ತ ಅಪ್ಪ ಹೆಂಡತಿಯ ಹೆಸರು ಹಿಡಿಯುವಂತಿರಲಿಲ್ಲ, ಕೇರಿಯವರಿಗೆ ಅವಳು ನನ್ನ ಅಕ್ಕನ ಅವ್ವ. ಅವಳಿಗೊಂದು ಹೆಸರಿದೆ ಎಂಬುದು ನನಗೆ ಎಷ್ಟೋ ವರ್ಷ ಹೊಳೆದೇ ಇರಲಿಲ್ಲ.

ಪೊಲೀಸ್ ಕಾರ್ಯಾಚರಣೆ ಆಯಿತು, ರಜಾಕಾರರ ಹೆದರಿಕೆ ಹೋಯಿತು, ನಿಜಾಮನ ಕಾಲ ಮುಗಿಯಿತು. ಊರ ಚಾವಡಿಯ ಮುಂದೆ ಹೊಸ ಬಾವುಟ ಏರಿತು. ಗೌಡರ ತಲೆಯ ಮೇಲಿನ ರುಮಾಲು ಇಳಿದು ಬಿಳಿ ಟೋಪಿ ಬಂತು. ಇನ್ನು ಎಲ್ಲರೂ ಸಮಾನರು, ಬಿಟ್ಟಿ ಬಂದ್ ಆಯಿತು ಎಂದು ಯಾರೋ ಭಾಷಣ ಮಾಡಿದರು. ಅವರು ಕೂತ ಕುರ್ಚಿಯನ್ನು ಗೌಡರ ಮನೆಯಿಂದ ಹೊತ್ತು ತಂದವನು ನಮ್ಮಪ್ಪ, ಭಾಷಣ ಮುಗಿದ ಮೇಲೆ ತಿರುಗಿ ಹೊತ್ತು ಇಟ್ಟು ಬಂದವನೂ ಅವನೇ. ಅದಕ್ಕೂ ಕೂಲಿ ಕೊಡಲಿಲ್ಲ.

ಆ ವರ್ಷವೇ ಅಕ್ಕನನ್ನು ಸುರಪುರದ ಹತ್ತಿರದ ಹಳ್ಳಿಗೆ ಕೊಟ್ಟರು. ಅವಳು ಅವ್ವನ ಜೊತೆ ಬಿಟ್ಟಿಗೆ ಹೋಗುತ್ತಿದ್ದವಳು. ಅವಳ ಜಾಗ ಖಾಲಿಯಾಯಿತಲ್ಲ, ಗೌಡರ ತಾಯಿ ಅವ್ವನಿಗೆ ಹೇಳಿದಳು: "ಮನ್ಯಾಗ ಸಣ್ಣ ಬಿಟ್ಟಿ ಅದಲ್ಲ, ಉಗಾದಿ ಆದ ಮ್ಯಾಲ ಅದನ್ನ ಕರ್ಕೊಂಡು ಬಾ." ಸಣ್ಣ ಬಿಟ್ಟಿ ಅಂದರೆ ನಾನು. ಅವ್ವ ಮನೆಗೆ ಬಂದು ರೊಟ್ಟಿ ಬಡಿಯುತ್ತಾ ಇದನ್ನು ಅಪ್ಪನಿಗೆ ಹೇಳಿದಳು. ರೊಟ್ಟಿ ಹರಿದು ಹೋಗುವಷ್ಟು ಜೋರಾಗಿ ಬಡಿಯುತ್ತಿದ್ದಳು. ಅಪ್ಪ, "ಏನ್ ಮಾಡಾಕ ಬರ್ತದ, ನಮ್ಮ ಹಣೇಬರಾ," ಎಂದ. ಅವ್ವ ಆ ಹರಿದ ರೊಟ್ಟಿಯನ್ನೇ ಅವನ ಮುಂದೆ ಇಟ್ಟಳು.

ಯುಗಾದಿಗೆ ಇನ್ನೂ ದಿನಗಳಿದ್ದವು. ಆಗಲೇ ಪಾದ್ರಿಗಳೊಬ್ಬರು ಸೈಕಲ್ ಮೇಲೆ ಶಹಾಪುರದಿಂದ ನಮ್ಮ ಕೇರಿಗೆ ಬರತೊಡಗಿದ್ದು. ಮೈಸೂರು ಸೀಮೆಯವರು, ತೆಳ್ಳಗಿದ್ದರು, ನಮ್ಮ ಬಿಸಿಲಿಗೆ ಅವರ ಮುಖ ಕೆಂಪಗಾಗಿ ಸುಲಿದಿತ್ತು. ಬೇವಿನ ಮರದ ಕೆಳಗೆ ಕೂತು ಮಕ್ಕಳಿಗೆ ಮಣ್ಣಿನ ಮೇಲೆ ಅಕ್ಷರ ಬರೆಸುತ್ತಿದ್ದರು, ಹಿರಿಯರಿಗೆ ದೇವರ ಮಾತು ಹೇಳುತ್ತಿದ್ದರು. ಅವರ ಕನ್ನಡ ಬೆಣ್ಣೆ ಹಚ್ಚಿದ ಹಾಗೆ ಮೆತ್ತಗಿತ್ತು, ನಮಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಹಾರಿ ಹೋಗುತ್ತಿತ್ತು. ಮಾತು ಮಾತಿಗೆ ಕೃಪೆ ಎನ್ನುತ್ತಿದ್ದರು. ಒಂದು ದಿನ ಕೇರಿಯ ಮುದುಕನೊಬ್ಬ, "ಅಯ್ಯಾರ, ಕೃಪೆ ಕೃಪೆ ಅಂತೀರಲ್ಲ, ಹಂಗಂದ್ರೇನ್ರಿ?" ಎಂದು ಕೇಳಿದ.

ಕೇಳಿದರಲ್ಲ ಎಂದು ಪಾದ್ರಿಗಳಿಗೆ ಖುಷಿಯೋ ಖುಷಿ. ಎದ್ದು ನಿಂತು ಎರಡೂ ಕೈ ಚಾಚಿ ಹೇಳಿದರು: "ಕೃಪೆ ಅಂದ್ರೆ ಬಿಟ್ಟಿ! ಬಡವ ಬಲ್ಲಿದ ಅಂತಿಲ್ಲ, ಗಂಡು ಹೆಣ್ಣು ಅಂತಿಲ್ಲ. ದೇವರ ಮನೆಯಲ್ಲಿ ಎಲ್ಲರಿಗೂ ಬಿಟ್ಟಿ!"

ಪ್ರಶ್ನೆ ಕೇಳಿದ ಮುದುಕ, "ಯಪ್ಪಾ, ಸತ್ತ ಮ್ಯಾಲೂ ತಪ್ಪಂಗಿಲ್ಲೇನು!" ಎಂದು ಹಣೆ ಬಡಿದುಕೊಂಡ. ಹೆಂಗಸರು ಸೆರಗು ಕೊಡವಿ ಎದ್ದರು. ಅವ್ವ ಮಾತ್ರ ಮುಂದೆ ಬಂದಳು.

"ಸಾಕು ಏಳ್ರಿ, ಸೈಕಲ್ ಹತ್ರಿ! ಗೌಡನ ಬಿಟ್ಟಿ ಮಾಡಿ ನಮ್ಮ ಡುಬ್ಬ ಬಾಗ್ಯದ, ಈಗ ದ್ಯಾವ್ರ ಬಿಟ್ಟಿನೂ ಹಚ್ಚಾಕ ಬಂದೀರೇನು? ನಿಮ್ಮ ದ್ಯಾವ್ರಿಗಿ ಕೊಟಗಿ ಎಷ್ಟದಾವ? ಸಗಣಿ ಬಳ್ಯಾಕ ಆಳು ಕಮ್ಮಿ ಬಿದ್ದಾವೇನು?"

ಪಾದ್ರಿಗಳು ಕಕ್ಕಾಬಿಕ್ಕಿಯಾದರು. "ತಾಯಿ, ನಾನು ಒಳ್ಳೆ ಮಾತೇ ಹೇಳಿದ್ನಲ್ಲ..." ಎಂದು ತಡವರಿಸಿದರು. ಅವ್ವ ತನ್ನ ಅಂಗೈ ಚಾಚಿ, ಬಿರುಕಿನೊಳಗೆ ಕೂತಿದ್ದ ಸಗಣಿಯ ಕಪ್ಪನ್ನು ತೋರಿಸಿ, "ಇದ್ಕ ಬಿಟ್ಟಿ ಅಂತಾರ್ರಿ ನಮ್ಮೂರಾಗ," ಎಂದಳು. ಅವರಿಗೆ ಆಗ ತಿಳಿಯಿತು. ಮುಖ ಇನ್ನಷ್ಟು ಕೆಂಪಗಾಯಿತು. ತಮ್ಮ ಕಡೆ ಬಿಟ್ಟಿ ಎಂದರೆ ದುಡ್ಡು ಕೊಡದೆ ಸಿಗುವುದು ಎಂದು ಬಿಡಿಸಿ ಹೇಳಿದರು.

"ಪುಕ್ಕಟ ಅನ್ರಿ ಹಂಗಾದ್ರ," ಎಂದಳು ಅವ್ವ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅಂದ್ರ ಅಂವ ಕೊಡ್ತಾನ, ನಾವು ತಗೋತೀವಿ?"

"ಹೌದು ತಾಯಿ."

"ತಿರುಗಿ ಏನ್ ಕೇಳ್ತಾನ?"

"ಏನೂ ಇಲ್ಲ."

"ಏನೂ ಕೇಳ್ದಿರೋ ಧಣಿನ್ನ ನಾ ಎಲ್ಲೂ ನೋಡಿಲ್ರಿ," ಎಂದು ಹೇಳಿ ಅವ್ವ ನನ್ನ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಹೋದಳು.

ಅವರು ಮತ್ತೆ ಬರುವುದಿಲ್ಲ ಎಂದೇ ಕೇರಿಯವರು ಅಂದುಕೊಂಡರು. ಮುಂದಿನ ವಾರ ಸೈಕಲ್ ಬಂತು. ಈ ಸಲ ಅವರು ಕೃಪೆಯ ಸುದ್ದಿ ಎತ್ತಲಿಲ್ಲ, ಕಥೆ ಹೇಳಿದರು. ಬಡಿಗೇರ ಮನೆಯಲ್ಲಿ ಬೆಳೆದ ದೇವರ ಮಗ ತನ್ನನ್ನು ಹಿಡಿದುಕೊಡುವ ಹೊತ್ತು ಬಂದಿದೆ ಎಂದು ಗೊತ್ತಿದ್ದೂ, ಸೊಂಟಕ್ಕೆ ಬಟ್ಟೆ ಸುತ್ತಿ, ನೆಲದ ಮೇಲೆ ಕೂತು, ತನ್ನ ಶಿಷ್ಯರ ಕಾಲು ತೊಳೆದ ಎಂದರು. ಹಾದಿಯ ಧೂಳು ಮೆತ್ತಿದ ಕಾಲುಗಳು. ಅದು ಆ ಸೀಮೆಯಲ್ಲಿ ಆಳುಗಳು ಮಾಡುವ ಕೆಲಸ ಎಂದರು.

ಅವ್ವ ದೂರದ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಿಕೊಳ್ಳಲು ಜೋಳ ಹಸನು ಮಾಡುತ್ತಿದ್ದಳು. ಕೈ ನಿಂತಿತು.

"ಕೂಲಿ ಕೊಟ್ರೇನು ಅಂವಗ?" ಎಂದು ಅಲ್ಲಿಂದಲೇ ಕೇಳಿದಳು.

"ಇಲ್ಲ ತಾಯಿ."

"ಮಾಡಂತ ಯಾರರೆ ಹೇಳಿದ್ರೇನು?"

"ಇಲ್ಲ. ಒಬ್ಬ ಶಿಷ್ಯ ಬೇಡ ಬೇಡ ಅಂದ. ಆದ್ರೂ ತೊಳೆದ."

ಅವ್ವ ಎದ್ದು ಬಂದಳು. ಮೊರ ಅವಳ ಕೈಯಲ್ಲೇ ಇತ್ತು. "ಅಂದ್ರ ಅಂವ ಬಿಟ್ಟಿ ಮಾಡ್ಯಾನ," ಎಂದಳು. "ಧಣಿ ಆಗಿ ಆಳಿನ ಬಿಟ್ಟಿ ಮಾಡ್ಯಾನ. ನಮ್ಮ ಬಿಟ್ಟಿ ಅಂವ ಮಾಡ್ಯಾನ."

ಪಾದ್ರಿಗಳ ಕಣ್ಣಲ್ಲಿ ನೀರು ಬಂತು. "ಅದಕ್ಕೇ ಕೃಪೆ ಅಂತಾರೆ, ತಾಯಿ," ಎಂದರು. ಅವನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾನೆ, ಅವನಿಗೆ ಗೊತ್ತಿಲ್ಲದ ಹೆಸರಿಲ್ಲ ಎಂದೂ ಹೇಳಿದರು. ಅವ್ವ ಶಹಾಪುರದಲ್ಲಿ ಹೆಣ್ಣುಮಕ್ಕಳಿಗೆ ಉಳಿದು ಕಲಿಯುವ ಸಾಲಿ ಇದೆಯೇನು ಎಂದು ಮಾತ್ರ ಕೇಳಿ ತಿಳಿದುಕೊಂಡಳು.

ಯುಗಾದಿಯ ಮರುದಿನ ಬೆಳಿಗ್ಗೆ ಗೌಡರ ಆಳು ಬಂದು, "ಸಣ್ಣ ಬಿಟ್ಟಿ ಎಲ್ಲದ? ಕಳಸು," ಎಂದು ಹೊರಗಿಂದ ಕೂಗಿದ. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಹಬ್ಬಕ್ಕೆ ಉಟ್ಟ ಪರಕಾರವನ್ನೇ ಮತ್ತೆ ಉಡಿಸಿದಳು. ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಹುಚ್ಚು ಹಿಡ್ದದೇನು ನಿನಗ? ಇದ ಊರಾಗ ಬಾಳ್ವಿ ಮಾಡ್ಬೇಕು ನಾವು."

"ಎಲ್ಲದ ಬಾಳ್ವಿ? ತೋರ್ಸು, ನೋಡ್ತೀನಿ," ಎಂದಳು ಅವ್ವ. ಅಪ್ಪ ಪಕ್ಕಕ್ಕೆ ಸರಿದ. ಅವ್ವ ನನ್ನನ್ನು ಬಿಟ್ಟಿಗೆ ಕರೆದೊಯ್ಯುತ್ತಾಳೋ ಏನೋ ಎಂಬ ಭಯ ದಾರಿಯುದ್ದಕ್ಕೂ ಇತ್ತು.

ಹಿತ್ತಲಿನ ಓಣಿ ಬಂತು. ಅವ್ವ ತಿರುಗಲಿಲ್ಲ. ನೆಟ್ಟಗೆ ಮುಂದಿನ ದೊಡ್ಡ ಬಾಗಿಲಿಗೆ ಹೋಗಿ ಮೆಟ್ಟಿಲ ಕೆಳಗೆ ನಿಂತಳು. ಕಾಲಿನ ಸಪ್ಪಳ ಕೇಳಿ ಗೌಡರ ತಾಯಿ, ಎಲೆ ಅಡಿಕೆ ಹಾಕಿಕೊಳ್ಳುತ್ತಾ, ತಲೆ ಎತ್ತದೆ, ದಿನದ ರೂಢಿಯಂತೆ ಕೇಳಿದಳು:

"ಬಿಟ್ಟಿ ಬಂತೇನು?"

"ಬಿಟ್ಟಿ ಬಂದಿಲ್ರಿ ಅವ್ವಾರ," ಎಂದಳು ನನ್ನವ್ವ. "ನಾನು ಬಂದೀನಿ."

ಮುದುಕಿ ಆಗ ತಲೆ ಎತ್ತಿದಳು. ಒಳಗಿಂದ ಗೌಡರು ಬಂದರು, ತಲೆಯ ಮೇಲೆ ಬಿಳಿ ಟೋಪಿ ಇತ್ತು. "ಏನಂದಿ? ಇನ್ನೊಮ್ಮಿ ಅನ್ನು."

"ನಾನು ಬಂದೀನಿ ಅಂದೆ, ಗೌಡ್ರ. ಇಕಿ ನನ್ನ ಮಗಳು, ಇಕಿನೂ ಬಂದಾಳ. ಬಿಟ್ಟಿ ಬಂದಿಲ್ಲ, ಇನ್ನ ಬರಂಗಿಲ್ಲ. ಕೂಲಿ ಕೊಟ್ರ ನಾ ದುಡೀತೀನಿ. ಮಗಳಂತೂ ಸಾಲಿಗಿ ಹೋಗ್ತಾಳ."

"ಯಾರ್ ಕಲಿಸ್ಯಾರ ಈ ದಿಮಾಕು? ಕೆಂಪು ಬಾವುಟದವ್ರು ಬಂದಿದ್ರೇನು ಕೇರಿಗಿ?"

"ಯಾವ ಬಾವುಟದವ್ರೂ ಬಂದಿಲ್ರಿ. ನನ್ನ ಬಿಟ್ಟಿ ಒಬ್ಬಾಂವ ಮಾಡಿ ಮುಗಿಸ್ಯಾನ್ರಿ. ಇನ್ನೊಮ್ಮಿ ಯಾಕ ಮಾಡ್ಲಿ?"

"ಯಾವನಂವ? ಯಾವೂರಾಂವ?"

"ನಿಮಗ ಗುರ್ತಿಲ್ರಿ. ಬಡಿಗ್ಯಾರ ಹುಡುಗ."

ಈಗಲೂ ನೆನೆಸಿಕೊಂಡರೆ ನಗು ತಡೆಯಲಾಗುವುದಿಲ್ಲ. ಗೌಡರು ಅದನ್ನು ಖರೇ ನಂಬಿ, ಆಳನ್ನು ಅಟ್ಟಿ, ನಮ್ಮೂರ ಬಡಿಗೇರ ಅಜ್ಜನನ್ನು ಹಿಡಿದು ತರಿಸಿದರು. ಅವನ ಕೈಯಲ್ಲಿ ಇನ್ನೂ ಉಳಿ ಇತ್ತು. ನಿನ್ನ ಮಗನೇನೋ ಬಿಟ್ಟಿಯವರನ್ನು ಕೆಡಿಸಿದ್ದು ಎಂದು ಗದರಿದರೆ, ಪಾಪ ಆ ಅಜ್ಜ, "ನನಗ ಮಕ್ಕಳಾ ಇಲ್ರಿ ಎಪ್ಪಾ," ಎಂದು ಕೈಮುಗಿದು ಅಳತೊಡಗಿದನಂತೆ. ಅಷ್ಟರಲ್ಲಿ ನಾವು ಮನೆ ಮುಟ್ಟಿದ್ದೆವು.

ನಗುವಿನ ಪಾಲು ಅಷ್ಟೇ. ಅಂದು ಸಂಜೆಯೇ ಆಳುಗಳು ಬಂದು ನಮ್ಮ ಗುಡಿಸಲಿನ ಛಾವಣಿ ಕಿತ್ತು ಹಾಕಿದರು. ಅಪ್ಪ ತಡೆಯಲು ಹೋಗಿ ಏಟು ತಿಂದ. ಹೌದು, ಅಪ್ಪ ತಡೆಯಲು ಹೋದ, ಅದನ್ನು ನಾನು ಯಾರಿಗೂ ಹೇಳದೆ ಬಿಡುವುದಿಲ್ಲ. ಅಂಗಡಿಯವನು ಎಣ್ಣೆ, ಉಪ್ಪು ಕೊಡಲಿಲ್ಲ. ಕೇರಿಯವರೂ, "ನಿಮ್ಮಿಂದ ನಮಗೂ ಕುತ್ತು," ಎಂದು ಮುಖ ತಿರುಗಿಸಿದರು. ಛಾವಣಿಯಿಲ್ಲದ ಮನೆಯಲ್ಲಿ ಅವ್ವ ಮೇಲೆ ನೋಡಿ, "ಚೊಲೋ ಆತು. ಮ್ಯಾಲಿನಾಂವಗ ಈಗ ನಾವು ನೆಟ್ಟಗ ಕಾಣಸ್ತೀವಿ," ಎಂದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮದುವೆ ಊಟದ ಆ ದೊಡ್ಡ ಮನುಷ್ಯರೇ, ಪುಕ್ಕಟೆ ಸಿಕ್ಕದ್ದು ಇದು.

ಪಾತ್ರೆ, ಬೀಸುಕಲ್ಲು, ಕೋಳಿ ಹೊತ್ತುಕೊಂಡು ಶಹಾಪುರಕ್ಕೆ ನಡೆದೆವು. ಅಪ್ಪ, ಅವ್ವ ಸುರಪುರದ ರಸ್ತೆಯಲ್ಲಿ ಜಲ್ಲಿ ಒಡೆಯುವ ಕೂಲಿಗೆ ಸೇರಿದರು. ಮೊದಲ ಕೂಲಿ ಕೈಗೆ ಬಿದ್ದ ದಿನ ಅಪ್ಪ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಒಲ್ಲದೆ ಅಂಗೈಯಲ್ಲೇ ಹಿಡಿದುಕೊಂಡು ಮನೆಯವರೆಗೆ ಬಂದ. ನನ್ನನ್ನು ಸಾಲಿಗೆ ಸೇರಿಸಿದರು. ಅಲ್ಲಿ ಮೊದಲ ಬೆಳಿಗ್ಗೆಯೇ ನಮ್ಮನ್ನು ನೋಡಿಕೊಳ್ಳುವ ಅಮ್ಮನವರು ನನ್ನ ಕೈಗೆ ಕಸಬರಿಗೆ ಕೊಟ್ಟರು. ನಾನು ಅದನ್ನು ನೆಲಕ್ಕೆ ಬಿಸಾಕಿ, "ನಾ ಬಿಟ್ಟಿ ಮಾಡಂಗಿಲ್ಲ!" ಎಂದು ಸಾಲಿಯೇ ಕೇಳುವಂತೆ ಕೂಗಿದೆ. ಆಯಮ್ಮ ಬೈಯಲಿಲ್ಲ. ಇನ್ನೊಂದು ಕಸಬರಿಗೆ ತಂದು ಆ ತುದಿಯಿಂದ ತಾವೇ ಗುಡಿಸುತ್ತಾ ಬಂದರು. ನಡುವಿಗೆ ಬರುವ ಹೊತ್ತಿಗೆ ನಾನೂ ಈ ತುದಿಯಿಂದ ಶುರು ಮಾಡಿದ್ದೆ. ಮಾಡು ಎಂದು ಯಾರೂ ಹೇಳಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ಶಹಾಪುರದ ಪ್ರಾರ್ಥನೆಯ ಮನೆಯಲ್ಲೂ ಮುಂದಿನ ಬೆಂಚು, ಹಿಂದಿನ ಚಾಪೆ ಇದ್ದವು. ಮುಂಚೆ ಬಂದವರು, ಓದಿದವರು, ಇಸ್ತ್ರಿ ಮಾಡಿದ ಅಂಗಿಯವರು ಬೆಂಚಿನ ಮೇಲೆ ಕೂರುತ್ತಿದ್ದರು. ಹಳ್ಳಿಯಿಂದ ಬಂದ ನಾವು ಚಾಪೆಯ ಮೇಲೆ. ಮನುಷ್ಯರ ಬುದ್ಧಿ ಎಲ್ಲಿ ಹೋದರೂ ಅದೇ, ಅದನ್ನು ದೇವರ ತಲೆಗೆ ಕಟ್ಟುವವಳು ನಾನಲ್ಲ. ಅವ್ವನಿಗೂ ಅದು ಕಂಡಿತ್ತು. ದೀಕ್ಷಾಸ್ನಾನದ ಭಾನುವಾರ ಅವಳು ಚಾಪೆಯಿಂದ ಎದ್ದು ನಡುವಿನ ಹಾದಿಯಲ್ಲಿ ಎಲ್ಲರೂ ನೋಡುವಂತೆ ನಿಧಾನಕ್ಕೆ ನಡೆದು ಹೋದಳು.

ದೀಕ್ಷೆ ತೆಗೆದುಕೊಳ್ಳುವವರಿಗೆಲ್ಲ ಪಾದ್ರಿಗಳು ಹೊಸ ಹೆಸರು ಹುಡುಕಿ ಇಟ್ಟಿದ್ದರು, ಎಲ್ಲ ದೇವರ ಪುಸ್ತಕದ ಹೆಸರುಗಳು. ಅಪ್ಪನಿಗೆ ಒಂದು ಸಿಕ್ಕಿತು, ಅವನು ತಲೆ ಬಾಗಿಸಿ ತೆಗೆದುಕೊಂಡ. ಅವ್ವನ ಸರದಿ ಬಂತು. ಪಾದ್ರಿಗಳು ಅವಳ ಹೊಸ ಹೆಸರನ್ನು ಮೆಲ್ಲಗೆ ಹೇಳಿದರು.

"ಇದ್ಯಾರ ಹೆಸ್ರು?" ಎಂದಳು ಅವ್ವ.

"ನಿಮ್ಮದೇ, ತಾಯಿ. ಇವತ್ತಿಂದ ಹೊಸ ಹೆಸರು."

"ಹೊಸದ್ಯಾಕ್ರಿ? ನಂದೇ ಇನ್ನೂ ಹೊಸದದ. ನಮ್ಮವ್ವ ಇಟ್ಟಾಳ, ಯಾರೂ ಕರ್ದಿಲ್ಲ. ಬಳಸ್ದ ಇಟ್ಟದ್ದು ಹಳೇದು ಹ್ಯಾಂಗಾಗ್ತದ?" ಎಂದು ತನ್ನ ಹೆಸರನ್ನು ಅವರ ಕಿವಿಯಲ್ಲಿ ಹೇಳಿದಳು.

ಪಾದ್ರಿಗಳು ಹಿಂಜರಿದರು. ಅದು ನಮ್ಮ ಊರ ದೇವಿಯ ಹೆಸರು. ಅದನ್ನೇ ಪಿಸುಮಾತಿನಲ್ಲಿ ಅವಳಿಗೆ ತಿಳಿಸಿದರು. ಅವ್ವ ಸಿಟ್ಟಿಗೆದ್ದಳೆಂದರೆ ಅವಳ ಪಿಸುಮಾತು ಹೊರಗಿನ ಬಾವಿಯವರೆಗೂ ಕೇಳಿಸುತ್ತಿತ್ತು: "ಅಂವ ಹೆಸ್ರು ಹಿಡಿದು ಕರೀತಾನ ಅಂತ ನೀವಾ ಹೇಳಿದ್ರಿ. ಯಾವ ಹೆಸ್ರು ಹಿಡೀತಾನ? ನೀವು ಈಗ ಕೊಟ್ಟದ್ದೋ, ನಾ ಸಗಣಿ ಬಾಚಾಗಿಂದ ಅಂವಗ ಗೊತ್ತಿದ್ದದ್ದೋ?"

ಬೆಂಚುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವ್ವ ತಿರುಗಿ ನೋಡಿದಳು, ನಗು ನಿಂತಿತು. ಪಾದ್ರಿಗಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದು, ನೀರಿಗೆ ಕೈ ಅದ್ದಿ ಅವಳ ತಲೆಯ ಮೇಲಿಟ್ಟು, ಅವಳ ಅವ್ವ ಇಟ್ಟ ಹೆಸರನ್ನೇ ಹಿಡಿದು, ಎಲ್ಲರಿಗೂ ಕೇಳುವಂತೆ, ಬಾಯಿ ತುಂಬ ಕರೆದರು.

ಆಮೆನ್ ಎನ್ನಬೇಕಿತ್ತು. ಅವ್ವ ಅದನ್ನು ಮರೆತಳು. ಹಣೆಯ ಮೇಲಿಂದ ನೀರು ಇಳಿಯುತ್ತಿದ್ದ ಹಾಗೆ, ತಲೆ ಎತ್ತಿ, "ಬಂದೀನ್ರಿ," ಎಂದಳು.

ಅಂದೇ ಮೊದಲು, ನನ್ನವ್ವನ ಹೆಸರನ್ನು ನಾನು ಕೇಳಿದ್ದು.